ಮಾಂಟ್ಗೊಮರಿ ಬಸ್ ಬಹಿಷ್ಕಾರ: 381 ದಿನ ಆ ಊರಿನ ಜನ ಕೆಲಸಕ್ಕೆ ಹೋಗಿ ಬಂದಿದ್ದು ಹೇಗೆ?

ಸಂತೇಪೇಟೆ_ಓದುಗ:
ಕಪ್ಪು ಹೆಂಗಸು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗಾಗಿ ಸೀಟು ಬಿಟ್ಟು ಏಳಲಿಲ್ಲ, ಮಾರ್ಟಿನ್ ಲೂಥರ್ ಕಿಂಗ್ ಮುಂದಾಳಾದರು, ಜನ ನಡೆದೇ ಓಡಾಡಿದರು, ಗೆದ್ದರು. ನಮ್ಮಲ್ಲಿ ಬರುವ ಲೇಖನಗಳು ಹೆಚ್ಚಾಗಿ ಇಷ್ಟಕ್ಕೇ ನಿಲ್ಲುತ್ತವೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಕಪ್ಪು ಜನರೇ ಸುಮಾರು 50,000 ಇದ್ದರು. 1955ರ ಡಿಸೆಂಬರ್ 5ರಿಂದ 1956ರ ಡಿಸೆಂಬರ್ 20ರವರೆಗೆ ಬಸ್ಸು ಹತ್ತದೆ ಅಷ್ಟು ಜನ ದಿನಾ ಕೆಲಸಕ್ಕೆ ಹೋಗಿ ಮನೆಗೆ ಬರಬೇಕಾದರೆ ಹಿಂದೆ ಏನೋ ಒಂದು ವ್ಯವಸ್ಥೆ ಇರಲೇಬೇಕು. ವಾಹನ ಎಲ್ಲಿಂದ ಬಂತು, ಪೆಟ್ರೋಲಿಗೆ ದುಡ್ಡು ಯಾರು ಕೊಟ್ಟರು, ಪೊಲೀಸರು ಹೇಗೆ ಅಡ್ಡಗಾಲು ಹಾಕಿದರು? ಇನ್ನೊಂದು ವಿಷಯ: ಗೆದ್ದ ಮೊಕದ್ದಮೆಯಲ್ಲಿ ಪಾರ್ಕ್ಸ್ ಹೆಸರೇ ಇಲ್ಲ. ಅದೇಕೆ? ಬಲ್ಲವರು ವಿವರವಾಗಿ ಬರೆಯಿರಿ.

ಶರಾವತಿ_ಎಂ:
ಮೊದಲು ಸೀಟಿನ ಲೆಕ್ಕ ಹೇಳಿಬಿಡುತ್ತೇನೆ. ಅದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ.

ಪಾರ್ಕ್ಸ್ ಹತ್ತಿದ ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರಿಗೆ ಮೀಸಲು. ಬಸ್ಸಿನಲ್ಲಿ ಒಬ್ಬ ಬಿಳಿಯನೂ ಇಲ್ಲದಿದ್ದರೂ ಅವು ಖಾಲಿಯೇ ಇರಬೇಕು, ಕಪ್ಪು ಜನ ಪಕ್ಕದಲ್ಲೇ ನಿಂತಿರಬೇಕು. ಹಿಂದಿನ 10 ಕಪ್ಪು ಜನರದ್ದು. ನಡುವಿನ 16 ಸೀಟು ಡ್ರೈವರ್ ಹೇಳಿದಂತೆ. ಒಂದೇ ಸಾಲಿನಲ್ಲಿ ಬಿಳಿಯರೂ ಕಪ್ಪು ಜನರೂ ಕೂರುವಂತಿರಲಿಲ್ಲ, ನಡುವೆ ಓಡಾಡುವ ಜಾಗ ಇದ್ದರೂ ಸರಿಯೆ. ಹಾಗಾಗಿ ಡಿಸೆಂಬರ್ 1ರ ಗುರುವಾರ ಸಂಜೆ ಒಬ್ಬನೇ ಒಬ್ಬ ಬಿಳಿಯನಿಗೆ ಜಾಗ ಮಾಡಿಕೊಡಲು ನಾಲ್ಕು ಜನ ಏಳಬೇಕಾಯಿತು. ಮೂವರು ಎದ್ದರು. ಪಾರ್ಕ್ಸ್ ಕಿಟಕಿಯ ಕಡೆಗೆ ಸರಿದು ಕೂತರು. ಅವರು ಕೂತಿದ್ದು ಬಿಳಿಯರ ಸೀಟಿನಲ್ಲಿ ಅಲ್ಲವೇ ಅಲ್ಲ, ನಡುವಿನ ಭಾಗದಲ್ಲಿ. ಬಹಳ ಕಡೆ ಇದನ್ನು ತಪ್ಪಾಗಿ ಬರೆಯುತ್ತಾರೆ.

ಟಿಕೆಟ್ಟಿನದ್ದು ಇನ್ನೊಂದು ಹಿಂಸೆ. ಮುಂದಿನ ಬಾಗಿಲಲ್ಲಿ ಹತ್ತಿ 10 ಸೆಂಟ್ ಹಾಕಿ, ಕೆಳಗಿಳಿದು, ಹಿಂದಿನ ಬಾಗಿಲಿಗೆ ನಡೆದು ಮತ್ತೆ ಹತ್ತಬೇಕು. ಅಷ್ಟರಲ್ಲಿ ಕೆಲವು ಡ್ರೈವರ್‌ಗಳು ಬಸ್ಸು ಬಿಟ್ಟುಕೊಂಡು ಹೋಗಿಬಿಡುತ್ತಿದ್ದರು. 1943ರಲ್ಲಿ ಪಾರ್ಕ್ಸ್ ಅವರಿಗೇ ಹೀಗಾಗಿತ್ತು, ಆ ಡ್ರೈವರೂ ಡಿಸೆಂಬರ್ 1ರ ಬಸ್ಸಿನ ಡ್ರೈವರೂ ಒಬ್ಬನೇ, ಜೇಮ್ಸ್ ಬ್ಲೇಕ್. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರಾಗಿದ್ದರೂ ಕಪ್ಪು ಡ್ರೈವರ್ ಒಬ್ಬನೂ ಇರಲಿಲ್ಲ.

ಕಡತ_ಕೋಣೆ:
ಶರಾವತಿ ಮೇಡಂ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತು. ನಗರದ ಕಾಯ್ದೆ ಡ್ರೈವರಿಗೆ ಪೊಲೀಸರಷ್ಟೇ ಅಧಿಕಾರ ಕೊಟ್ಟಿತ್ತು, ನಿಜ. ಆದರೆ ಅದೇ ಕಾಯ್ದೆಯಲ್ಲಿ ಒಂದು ಷರತ್ತಿತ್ತು: ತಮ್ಮ ಭಾಗದಲ್ಲಿ ಬೇರೆ ಸೀಟು ಖಾಲಿ ಇದ್ದರೆ ಮಾತ್ರ ಪ್ರಯಾಣಿಕ ಎದ್ದು ಹೋಗಬೇಕು. ಅಂದು ಹಿಂದೆ ಒಂದೂ ಸೀಟು ಖಾಲಿ ಇರಲಿಲ್ಲ. ಅಂದರೆ ನಗರದ ಕಾಯ್ದೆಯ ಪ್ರಕಾರ ಪಾರ್ಕ್ಸ್ ತಪ್ಪು ಮಾಡಿರಲೇ ಇಲ್ಲ. ಸರ್ಕಾರಿ ವಕೀಲರಿಗೂ ಇದು ಹೊಳೆಯಿತು. ಡಿಸೆಂಬರ್ 5ರ ವಿಚಾರಣೆಯಲ್ಲಿ ನಗರದ ಕಾಯ್ದೆ ಕೈಬಿಟ್ಟು, ಡ್ರೈವರಿಗೆ ಇನ್ನೂ ಹೆಚ್ಚಿನ ಅಧಿಕಾರ ಕೊಡುವ ರಾಜ್ಯದ ಕಾಯ್ದೆಯಡಿ ಆರೋಪ ಹೊರಿಸಿದರು. 10 ಡಾಲರ್ ದಂಡ, 4 ಡಾಲರ್ ಕೋರ್ಟು ಖರ್ಚು. ಮೊಕದ್ದಮೆಯ ವಿಷಯಕ್ಕೆ ಮುಂದೆ ಬರುತ್ತೇನೆ, ಮೊದಲು ವಾಹನದ ಕಥೆ ಯಾರಾದರೂ ಬರೆಯಿರಿ.

ದಾರಿಹೋಕ:
ವಾಹನಕ್ಕೂ ಮೊದಲು ಕರಪತ್ರ. ಗುರುವಾರ ಸಂಜೆ ಬಂಧನವಾಗಿ ಸೋಮವಾರ ಬೆಳಿಗ್ಗೆ ಇಡೀ ಊರು ಬಸ್ಸು ಬಿಟ್ಟಿತ್ತು. ಇದು ತಾನಾಗಿ ಆಗಿದ್ದಲ್ಲ.

ಮಹಿಳಾ ರಾಜಕೀಯ ಮಂಡಳಿ ಎಂಬ ಸಂಘಟನೆ 1946ರಿಂದಲೇ ಅಲ್ಲಿ ಕೆಲಸ ಮಾಡುತ್ತಿತ್ತು. ಅದರ ಅಧ್ಯಕ್ಷೆ ಜೋ ಆನ್ ರಾಬಿನ್ಸನ್, ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ಬಸ್ಸಿನ ರೀತಿನೀತಿ ಬದಲಾಗದಿದ್ದರೆ ಬಹಿಷ್ಕಾರ ಹೂಡಬೇಕಾಗಬಹುದು ಎಂದು 1954ರ ಮೇ 21ರಂದೇ ಮೇಯರ್ ಗೇಲ್‌ಗೆ ಪತ್ರ ಬರೆದಿದ್ದರು. ಪಾರ್ಕ್ಸ್ ಬಂಧನದ ಸುದ್ದಿ ಬಂದ ರಾತ್ರಿಯೇ ಕಾಲೇಜಿಗೆ ಹೋಗಿ, ವಾಣಿಜ್ಯ ವಿಭಾಗದ ಮುಖ್ಯಸ್ಥರನ್ನೂ ಇಬ್ಬರು ವಿದ್ಯಾರ್ಥಿಗಳನ್ನೂ ಜೊತೆಗಿಟ್ಟುಕೊಂಡು, ಬೆಳಗಿನ ಜಾವದವರೆಗೆ ಸೈಕ್ಲೋಸ್ಟೈಲ್ ಮಾಡಿದರು. ಕಾಗದ ಉಳಿಸಲು, ಕೆಲಸ ಬೇಗ ಮುಗಿಸಲು ಒಂದು ಹಾಳೆಗೆ ಮೂರು ಪ್ರತಿ ಬರುವಂತೆ ಸ್ಟೆನ್ಸಿಲ್ ಕತ್ತರಿಸಿದರು. ಹತ್ತಾರು ಸಾವಿರ ಕರಪತ್ರವಾಯಿತು. ಯಾರ ಸಹಿಯನ್ನೂ ಹಾಕಲಿಲ್ಲ. ಸರ್ಕಾರಿ ಕಾಲೇಜಿನ ಯಂತ್ರ, ಸರ್ಕಾರಿ ಕಾಗದ. ಗೊತ್ತಾದರೆ ಕಾಲೇಜಿನ ಅನುದಾನಕ್ಕೇ ಕುತ್ತು. ಪ್ರಾಂಶುಪಾಲರು ಕೇಳಿದಾಗ ಕಾಗದದ ಖರ್ಚು ಮಂಡಳಿಯೇ ಕಟ್ಟಿಕೊಡುತ್ತದೆ ಎಂದರು.

ಹಂಚುವ ದಾರಿಯನ್ನೂ ಅದೇ ರಾತ್ರಿ ಗೊತ್ತುಮಾಡಿದ್ದರು. ಶುಕ್ರವಾರ ಶಾಲೆ, ಅಂಗಡಿ, ಕ್ಷೌರದಂಗಡಿ, ಕಾರ್ಖಾನೆ, ಎಲ್ಲ ಕಡೆ ಗುರುತಿನ ಹೆಂಗಸರು ಕಾದು ನಿಂತು ಕಟ್ಟುಗಳನ್ನು ಇಸಿದುಕೊಂಡರು. ಪಾದ್ರಿಗಳನ್ನು ಫೋನಿನಲ್ಲಿ ಒಟ್ಟುಗೂಡಿಸಿದವರು ಊರಿನ ಕಪ್ಪು ಜನರ ಮುಂದಾಳು ಇ.ಡಿ. ನಿಕ್ಸನ್. ಅವರೇ ಪತ್ರಕರ್ತರೊಬ್ಬರಿಗೆ ಸುಳಿವು ಕೊಟ್ಟು, ಭಾನುವಾರದ ಪತ್ರಿಕೆಯ ಮುಖಪುಟದಲ್ಲಿ ಸುದ್ದಿ ಬರುವಂತೆ ನೋಡಿಕೊಂಡರು. ಬಹಿಷ್ಕಾರವನ್ನು ವಿರೋಧಿಸುವ ಪತ್ರಿಕೆಯೇ ಕರಪತ್ರ ಸಿಗದವರಿಗೂ ಸುದ್ದಿ ಮುಟ್ಟಿಸಿತು. ಸೋಮವಾರ ಬಸ್ಸುಗಳ ಹಿಂದೆ ಪೊಲೀಸ್ ಮೋಟಾರ್‌ಸೈಕಲ್ ಬಂದಿದ್ದೂ ನೆರವಾಯಿತು: ಹತ್ತಲೋ ಬೇಡವೋ ಎಂದು ಅನುಮಾನಿಸುತ್ತಿದ್ದವರೂ ಪೊಲೀಸರನ್ನು ಕಂಡು ಹಿಂದೆ ಸರಿದರು.

ಚುಕ್ಕಿ_ಚಂದ್ರಮ:
ಒಂದು ದಿನದ ಬಹಿಷ್ಕಾರಕ್ಕೆ ಕರಪತ್ರ ಸಾಕು, ವರ್ಷಕ್ಕೆ ಸಾಲದು. ವಾಹನದ ವಿಷಯ ನಾನು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲ ಏರ್ಪಾಡು ಟ್ಯಾಕ್ಸಿ. ಕಪ್ಪು ಮಾಲೀಕರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, ಅಂದರೆ ತಲೆಗೆ 10 ಸೆಂಟಿಗೆ, ಜನರನ್ನು ಒಯ್ದವು. ಇದು ಕೆಲವೇ ದಿನ ನಡೆಯಿತು. ಟ್ಯಾಕ್ಸಿಗೆ ಕನಿಷ್ಠ ದರ 45 ಸೆಂಟ್ ಎಂಬ ನಿಯಮ ನಗರದ ಪುಸ್ತಕದಲ್ಲಿತ್ತು. ಡಿಸೆಂಬರ್ 8ರ ಸಂಧಾನ ಸಭೆಯಲ್ಲಿ ಪೊಲೀಸ್ ಕಮಿಷನರ್ ಸೆಲ್ಲರ್ಸ್ ಆ ನಿಯಮದ ಮಾತೆತ್ತಿದ. ಏನು ಬರಲಿದೆ ಎಂದು ಕಿಂಗ್‌ಗೆ ಆಗಲೇ ಅರ್ಥವಾಯಿತು. ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ 1953ರ ಜೂನ್‌ನಲ್ಲಿ ಸುಮಾರು ಒಂದು ವಾರ ಬಸ್ ಬಹಿಷ್ಕಾರ ನಡೆಸಿದ್ದ ಪಾದ್ರಿ ಟಿ.ಜೆ. ಜೆಮಿಸನ್‌ಗೆ ಫೋನು ಮಾಡಿದರು. ಸ್ವಂತ ಕಾರುಗಳ ವ್ಯವಸ್ಥೆ ಹೇಗೆ ಕಟ್ಟಬೇಕು ಎಂದು ಜೆಮಿಸನ್ ವಿವರಿಸಿದರು. ಮುಂದಿನ ಸಭೆಯಲ್ಲಿ ಕೇಳಿದ ಕೂಡಲೇ 150ಕ್ಕೂ ಹೆಚ್ಚು ಮಂದಿ ಕಾರು ಕೊಡಲು ಹೆಸರು ಬರೆಸಿದರು. ಸ್ವಲ್ಪ ದಿನದಲ್ಲೇ ಅದು 300ರ ಹತ್ತಿರ ಬಂತು.

ಕಾರು ಸಿಕ್ಕ ಮಾತ್ರಕ್ಕೆ ಆಗಲಿಲ್ಲ. ಯಾವ ಕಾರು ಯಾವ ಬೀದಿಯಿಂದ ಎಲ್ಲಿಗೆ? ಇದನ್ನು ಬಿಡಿಸಲು ಊರಿನ ನಕ್ಷೆ ಹರವಿಕೊಂಡು, ಬೀದಿ ಬೀದಿ ಬಲ್ಲ ಕಪ್ಪು ಅಂಚೆಯವರ ನೆರವು ಪಡೆದರು. ಎರಡು ಬಗೆಯ ನಿಲ್ದಾಣ ಮಾಡಿದರು. ಬೆಳಿಗ್ಗೆ ಕಪ್ಪು ಬಡಾವಣೆಗಳಿಂದ ಕಳಿಸುವ ನಿಲ್ದಾಣ 48. ಮಧ್ಯಾಹ್ನದ ಮೇಲೆ ಕೆಲಸದ ಜಾಗಗಳಿಂದ ಕರೆತರುವ ನಿಲ್ದಾಣ 42. ಬೆಳಗಿನವು ಹೆಚ್ಚಾಗಿ ಚರ್ಚುಗಳು. ಚಳಿಗಾಲವಾದ್ದರಿಂದ ಬಾಗಿಲು ಬೇಗ ತೆರೆದು ಕಾಯುವವರನ್ನು ಒಳಗೆ ಬೆಚ್ಚಗೆ ಕೂರಿಸುತ್ತಿದ್ದರು. ಪೇಟೆಯ ನಡುವೆ ಕಪ್ಪು ಮಾಲೀಕರ ಒಂದು ಪಾರ್ಕಿಂಗ್ ಜಾಗವಿತ್ತು. ಕಾರುಗಳು ಒಂದೆಡೆ ಸೇರಿ ಮತ್ತೆ ಹಂಚಿಹೋಗುವ ಕೇಂದ್ರ ಅದೇ. ಪಟ್ಟಿಯನ್ನು ಮುದ್ರಿಸಿ ಹಂಚಿದ್ದು ಡಿಸೆಂಬರ್ 13ರ ಹೊತ್ತಿಗೆ. ಅಂದರೆ ಬಹಿಷ್ಕಾರ ಶುರುವಾಗಿ ಬರೀ ಎಂಟು ದಿನ. ಸಾರಿಗೆ ಸಮಿತಿಯ ಹೊಣೆ ರೂಫಸ್ ಲೂಯಿಸ್ ಅವರದ್ದು.

ಈಗ ಲೆಕ್ಕ ಹಾಕಿ. ಕಿಂಗ್ ಕೊಟ್ಟ ಅಂದಾಜಿನಂತೆ ದಿನಕ್ಕೆ ಎರಡು ಬಾರಿ ಬಸ್ಸು ಹತ್ತುತ್ತಿದ್ದವರು 17,500 ಮಂದಿ. ಕಾರು 300. ಒಂದೊಂದು ಕಾರಿಗೂ 58 ಜನ. ಒಂದು ಸಲಕ್ಕೆ ಐವರು ಎಂದರೂ ಬೆಳಿಗ್ಗೆ ಹನ್ನೊಂದು ಹನ್ನೆರಡು ಸುತ್ತು. ಡ್ರೈವರ್‌ಗಳಿಗೂ ಅವರದೇ ಕೆಲಸಗಳಿದ್ದವು. ಹಾಗಾಗಿ ಎಷ್ಟೇ ಚೆನ್ನಾಗಿ ನಡೆದರೂ ಈ ವ್ಯವಸ್ಥೆ ಎಲ್ಲರನ್ನೂ ಹೊರಲು ಸಾಧ್ಯವಿರಲಿಲ್ಲ. ಸಾವಿರಾರು ಜನ ನಡೆದದ್ದು ಛಲಕ್ಕೆ ಮಾತ್ರವಲ್ಲ, ಸೀಟೇ ಇರಲಿಲ್ಲ. ದೂರದವರಿಗೆ, ವಯಸ್ಸಾದವರಿಗೆ ಕಾರು ಬಿಟ್ಟುಕೊಟ್ಟು ಉಳಿದವರು ನಡೆದರು.

ಹೆಚ್ಚು ಕಷ್ಟವಾದದ್ದು ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುತ್ತಾರೆ, ತಮ್ಮದೇ ಬಡಾವಣೆಯ ಚರ್ಚಿನಲ್ಲಿ ಸೇರುತ್ತಾರೆ. ಮನೆಗೆಲಸದ ಹೆಂಗಸರು ಹಿಂದಿರುಗುವುದು ಯಜಮಾನಿ ಬಿಟ್ಟಾಗ. ಒಬ್ಬರು ಎರಡಕ್ಕೆ, ಇನ್ನೊಬ್ಬರು ಏಳಕ್ಕೆ. ಅದೂ ಬಿಳಿಯರ ಬಡಾವಣೆಯ ಮೂಲೆಯಲ್ಲಿ ನಿಂತು ಕಾಯಬೇಕು. ಸುಮ್ಮನೆ ನಿಂತಿದ್ದಕ್ಕೇ ಕೇಸು ಹಾಕುತ್ತೇವೆಂದು ಪೊಲೀಸರು ಹೆದರಿಸಿದ್ದು ಇಲ್ಲೇ.

ಸಂತೇಪೇಟೆ_ಓದುಗ:
ಚುಕ್ಕಿ ಅವರೇ, ಬಹಳ ಉಪಕಾರವಾಯಿತು. ಕಾರಿನವರು ದುಡ್ಡು ತೆಗೆದುಕೊಳ್ಳುತ್ತಿದ್ದರೇ?

ಚುಕ್ಕಿ_ಚಂದ್ರಮ:
ಇಲ್ಲ, ತೆಗೆದುಕೊಳ್ಳುವಂತೆಯೂ ಇರಲಿಲ್ಲ. ತಲೆಗಿಷ್ಟು ಎಂದು ವಸೂಲಿ ಮಾಡಿದ ಕೂಡಲೇ ಅದು ಲೈಸೆನ್ಸಿಲ್ಲದ ಬಾಡಿಗೆ ವಾಹನವಾಗುತ್ತದೆ. ಕಾನೂನಿನ ಕಣ್ಣಿಗೆ ಅದು ಸ್ನೇಹಿತರು ಸ್ನೇಹಿತರನ್ನು ಕೂರಿಸಿಕೊಂಡು ಹೋಗುವ ಕಾರಾಗಿಯೇ ಉಳಿಯಬೇಕಿತ್ತು. ದುಡ್ಡು ಬರುತ್ತಿದ್ದುದು ಸೋಮವಾರ ಮತ್ತು ಗುರುವಾರ ಬೇರೆ ಬೇರೆ ಚರ್ಚುಗಳಲ್ಲಿ ನಡೆಯುತ್ತಿದ್ದ ಸಾರ್ವಜನಿಕ ಸಭೆಗಳ ಕಾಣಿಕೆಯಿಂದ, ಆಮೇಲೆ ಹೊರಗಿನ ದೇಣಿಗೆಯಿಂದ. ಮಾಂಟ್ಗೊಮರಿ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ (ಬಹಿಷ್ಕಾರ ನಡೆಸಲು ಕಟ್ಟಿದ ಹೊಸ ಸಂಘ) ಅದನ್ನು ಪೆಟ್ರೋಲಿಗೆ, ಟೈರಿಗೆ, ರಿಪೇರಿಗೆ ಕೊಡುತ್ತಿತ್ತು.

ಈ ಎಚ್ಚರಿಕೆ ಅತಿಯೇನಲ್ಲ. 1956ರ ಮೇ ತಿಂಗಳಲ್ಲಿ ಫ್ಲಾರಿಡಾದ ಟಲಹಾಸಿಯಲ್ಲೂ ಬಹಿಷ್ಕಾರ ಶುರುವಾಯಿತು. ಅಲ್ಲಿ ಲೈಸೆನ್ಸಿಲ್ಲದೆ ಸಾರಿಗೆ ನಡೆಸಿದರೆಂದು ಸಂಘಟನೆಗೂ ಮುಂದಾಳುಗಳಿಗೂ ಸೇರಿಸಿ 11,000 ಡಾಲರ್ ದಂಡ ಬಿತ್ತು, ಕಾರು ವ್ಯವಸ್ಥೆ ಅಲ್ಲಿಗೇ ನಿಂತಿತು.

ತುಂಗಾತೀರ:
ವಿಮೆಯ ಕಥೆ ಸೇರಿಸಲೇಬೇಕು. ಸ್ವಂತ ಕಾರುಗಳು ದಿನವಿಡೀ ಓಡಿ ಸವೆಯುತ್ತಿದ್ದವು. ದೇಣಿಗೆ ಬಂದಮೇಲೆ ಹದಿನೈದರ ಆಸುಪಾಸು ಹೊಸ ಸ್ಟೇಷನ್ ವ್ಯಾಗನ್ ಕೊಂಡು ಒಂದೊಂದನ್ನೂ ಒಂದೊಂದು ಚರ್ಚಿನ ಹೆಸರಿಗೆ ನೋಂದಾಯಿಸಿದರು. ಪಕ್ಕದಲ್ಲಿ ಚರ್ಚಿನ ಹೆಸರು ಬರೆಸಿದ್ದರಿಂದ ಜನ ಅವನ್ನು ಉರುಳುವ ಚರ್ಚುಗಳು ಎಂದೇ ಕರೆದರು. ವಿಮೆ ಇಲ್ಲದೆ ಅವು ರಸ್ತೆಗಿಳಿಯುವಂತಿರಲಿಲ್ಲ. ಕಂಪನಿಗಳು ಪದೇ ಪದೇ ಪಾಲಿಸಿ ರದ್ದು ಮಾಡಿದವು. ಕೊನೆಗೆ ಅಟ್ಲಾಂಟಾದ ಕಪ್ಪು ವಿಮಾ ವ್ಯವಹಾರಿ ಟಿ.ಎಂ. ಅಲೆಕ್ಸಾಂಡರ್ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ಮಾಡಿಸಿಕೊಟ್ಟರು. ಅಲಬಾಮಾದ ಒತ್ತಡ ಅಟ್ಲಾಂಟಿಕ್ ದಾಟಿ ಲಂಡನ್ ಮುಟ್ಟಲಿಲ್ಲ.

ಇನ್ನು ಡ್ರೈವರ್‌ಗಳಿಗೆ ಚಲನ್ ಮೇಲೆ ಚಲನ್. ಕೈಸನ್ನೆ ಮಾಡಲಿಲ್ಲ, ನಿಧಾನ ಹೋದೆ, ಜೋರು ಹೋದೆ, ಏನೋ ಒಂದು ನೆಪ. ಚಲನ್ ಹೆಚ್ಚಾದರೆ ಲೈಸೆನ್ಸೂ ಹೋಗುತ್ತದೆ, ವಿಮೆಯೂ ಹೋಗುತ್ತದೆ, ಉದ್ದೇಶವೇ ಅದು. 1956ರ ಜನವರಿ 26ರಂದು ಕಿಂಗ್ ಅವರನ್ನೇ ಹಿಡಿದರು. ಆರೋಪ: 25 ಮೈಲಿ ಮಿತಿಯ ಜಾಗದಲ್ಲಿ 30 ಮೈಲಿ ವೇಗ! ನಾಲ್ಕು ದಿನದ ಮೇಲೆ ಅವರ ಮನೆಗೆ ಬಾಂಬ್ ಬಿತ್ತು, ಫೆಬ್ರುವರಿ 1ರಂದು ನಿಕ್ಸನ್ ಮನೆಗೆ. ರಾಬಿನ್ಸನ್ ಕಾರಿನ ಮೇಲೆ ಆಸಿಡ್ ಸುರಿದರು.

ಶರಾವತಿ_ಎಂ:
ದುಡ್ಡಿನ ವಿಷಯದಲ್ಲಿ ಜಾರ್ಜಿಯಾ ಗಿಲ್ಮೋರ್ ಹೆಸರು ಬರದೇ ಇರಬಾರದು. ಅಡುಗೆ ಕೆಲಸದ ಹೆಂಗಸು. ಮನೆಗೆಲಸದವರು, ಅಡುಗೆಯವರು ನಾಲ್ಕಾರು ಜನ ಸೇರಿ ಕರಿದ ಕೋಳಿ, ಕೇಕು, ಸಿಹಿಗೆಣಸಿನ ಪೈ ಮಾಡಿ ಹೆಂಗಸರ ಕೇಶಾಲಂಕಾರದ ಅಂಗಡಿಗಳಲ್ಲಿ, ಲಾಂಡ್ರಿಗಳಲ್ಲಿ, ಬೀದಿ ಬೀದಿಯಲ್ಲಿ ಮಾರುತ್ತಿದ್ದರು. ಬಂದದ್ದನ್ನು ಸಭೆಯಲ್ಲಿ ಎಣಿಸಿ ಒಪ್ಪಿಸುತ್ತಿದ್ದರು. ಗುಂಪಿಗೆ ಇಟ್ಟ ಹೆಸರು 'ಎಲ್ಲಿಯದೂ ಅಲ್ಲದ ಕ್ಲಬ್'. ದುಡ್ಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅಡುಗೆ ಮಾಡಿದವರು ಯಾರು, ಕೊಟ್ಟವರು ಯಾರು ಎಂಬುದು ಗಿಲ್ಮೋರ್ ಒಬ್ಬರಿಗೇ ಗೊತ್ತು. ಚೀಟಿಯಿಲ್ಲ, ಪಟ್ಟಿಯಿಲ್ಲ. ಪಟ್ಟಿ ಇದ್ದಿದ್ದರೆ ಅದರಲ್ಲಿದ್ದ ಪ್ರತಿಯೊಬ್ಬಳ ಕೆಲಸವೂ ಹೋಗುತ್ತಿತ್ತು. ಇದನ್ನು ನೋಡಿ ಊರಿನ ಇನ್ನೊಂದು ಭಾಗದ ಹೆಂಗಸರು ಪೈಪೋಟಿಗೆ ತಮ್ಮದೂ ಒಂದು ಕ್ಲಬ್ ಕಟ್ಟಿದರು. ಯಾರದ್ದು ಹೆಚ್ಚು ಎಂದು ಸಭೆಯಲ್ಲಿ ಜನ ಕುತೂಹಲದಿಂದ ಕಾಯುತ್ತಿದ್ದರು.

ಗಿಲ್ಮೋರ್ ಕಿಂಗ್ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದಕ್ಕೆ ಊಟದ ಹೋಟೆಲಿನ ಕೆಲಸ ಕಳೆದುಕೊಂಡರು. ಆಮೇಲೆ ಮನೆಯಲ್ಲೇ ಅಡುಗೆ ಮಾಡಿ ಬಡಿಸತೊಡಗಿದರು, ಮುಂದಾಳುಗಳೆಲ್ಲ ಅಲ್ಲೇ ಊಟ ಮಾಡುತ್ತಾ ಮಾತಾಡುತ್ತಿದ್ದರು.

ದಾರಿಹೋಕ:
ದುಡ್ಡು ಬಂದ ಕಡೆ ತಕರಾರೂ ಬಂತು. ಅದನ್ನು ಮುಚ್ಚಿಡಬೇಕಾಗಿಲ್ಲ. 1956ರ ಜೂನ್‌ನಲ್ಲಿ ಸಂಘದ ಕಾರ್ಯದರ್ಶಿಯಾಗಿದ್ದ ಪಾದ್ರಿ ಫೀಲ್ಡ್ಸ್, ಮುಂದಾಳುಗಳು ನಿಧಿ ದುರುಪಯೋಗ ಮಾಡುತ್ತಿದ್ದಾರೆ ಎಂದು ಬಹಿರಂಗವಾಗಿ ಆರೋಪಿಸಿದರು. ಒಂದೇ ವಾರದಲ್ಲಿ ಸಾರ್ವಜನಿಕ ಸಭೆಗೆ ಬಂದು ಮಾತು ಹಿಂತೆಗೆದುಕೊಂಡರು. ಸರ್ಕಾರ ಜಪ್ತಿ ಮಾಡೀತೆಂಬ ಭಯಕ್ಕೆ ಸಂಘದ ಹಣವನ್ನು ಬೇರೆ ರಾಜ್ಯಗಳ ಬ್ಯಾಂಕುಗಳಲ್ಲಿ ಇಡಲಾಗಿತ್ತು.

ಹೊಸ ಸಂಘ ಕಟ್ಟಿದ್ದು ಎಷ್ಟು ಒಳ್ಳೆಯದಾಯಿತು ಎಂಬುದು ಆಮೇಲೆ ಗೊತ್ತಾಯಿತು. ಎನ್‌ಎಎಸಿಪಿ ಎಂಬ, ಕಪ್ಪು ಜನರ ಹಕ್ಕುಗಳಿಗಾಗಿ ದೇಶಾದ್ಯಂತ ಹೋರಾಡುತ್ತಿದ್ದ ಸಂಘಟನೆ ಆಗಲೇ ಇತ್ತಲ್ಲ ಎಂದು ಕೇಳುವವರಿದ್ದಾರೆ. 1956ರ ಜೂನ್ 1ರಂದು ಅಲಬಾಮಾದ ಅಟಾರ್ನಿ ಜನರಲ್ ಕೋರ್ಟಿನಿಂದ ಆದೇಶ ತಂದು ಎನ್‌ಎಎಸಿಪಿ ರಾಜ್ಯದಲ್ಲಿ ಕೆಲಸ ಮಾಡದಂತೆ ನಿಲ್ಲಿಸಿಬಿಟ್ಟರು. ಸದಸ್ಯರ ಪಟ್ಟಿ ಕೊಡಲಿಲ್ಲವೆಂದು 1,00,000 ಡಾಲರ್ ದಂಡ. ಅದು ಅಲ್ಲಿ ಮತ್ತೆ ಬಾಗಿಲು ತೆರೆದದ್ದು 1964ರಲ್ಲಿ. ಬಹಿಷ್ಕಾರ ಆ ಹೆಸರಿನಲ್ಲೇ ನಡೆದಿದ್ದರೆ ಅಂದೇ ಮುಗಿದುಹೋಗುತ್ತಿತ್ತು.

ಚುಕ್ಕಿ_ಚಂದ್ರಮ:
ಸುಳ್ಳು ರಾಜಿಯ ರಾತ್ರಿಯನ್ನೂ ಹೇಳಿ. ಅದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 1956ರ ಜನವರಿ 21, ಶನಿವಾರ. ಸಂಘಕ್ಕೆ ಸಂಬಂಧವೇ ಇಲ್ಲದ ಮೂವರು ಕಪ್ಪು ಪಾದ್ರಿಗಳನ್ನು ಕರೆಸಿ, ರಾಜಿಯಾಯಿತು, ಬಹಿಷ್ಕಾರ ಮುಗಿಯಿತು ಎಂದು ನಗರಾಡಳಿತ ಪತ್ರಿಕೆಗೆ ಸುದ್ದಿ ಕೊಟ್ಟಿತು. ಭಾನುವಾರ ಬೆಳಿಗ್ಗೆ ಜನ ಓದಿ, ಸೋಮವಾರ ಬಸ್ಸು ಹತ್ತಬೇಕು, ಇದು ಹಂಚಿಕೆ. ಮಿನಿಯಾಪೊಲಿಸ್‌ನಲ್ಲಿದ್ದ ಕಪ್ಪು ಪತ್ರಕರ್ತ ಕಾರ್ಲ್ ರೋವನ್ ಸುದ್ದಿಸಂಸ್ಥೆಯ ತಂತಿಯಲ್ಲಿ ಅದನ್ನು ಕಂಡು, ನಿಜವೇ ಎಂದು ಕಿಂಗ್‌ಗೆ ಫೋನು ಮಾಡಿದರು. ಕಿಂಗ್‌ಗೆ ಸುದ್ದಿಯೇ ಇಲ್ಲ. ಆ ರಾತ್ರಿಯೇ ಮುಂದಾಳುಗಳು ಹಂಚಿಕೊಂಡು ಹೊರಟರು: ಕೆಲವರು ಪಾದ್ರಿಗಳಿಗೆ ಫೋನು ಮಾಡಿ ಬೆಳಗಿನ ಪ್ರಾರ್ಥನೆಯಲ್ಲಿ ಹೇಳಲು ತಿಳಿಸಿದರು, ಕೆಲವರು ಚರ್ಚಿಗೆ ಬಾರದ ಜನ ಸಿಗುವ ಬಾರು, ನೈಟ್‌ಕ್ಲಬ್ಬುಗಳಿಗೇ ಹೋಗಿ ಪತ್ರಿಕೆ ನಂಬಬೇಡಿ ಎಂದು ಹೇಳಿಬಂದರು. ಸೋಮವಾರ ಬಸ್ಸು ಖಾಲಿಯೇ ಓಡಿತು.

ಸಂತೇಪೇಟೆ_ಓದುಗ:
ಇಷ್ಟೆಲ್ಲ ಮಾಡಿ ಕೊನೆಗೆ ತೀರ್ಪು ಬಂದದ್ದು ಕೋರ್ಟಿನಿಂದ. ಹಾಗಿದ್ದರೆ ಮೊದಲ ದಿನವೇ ಕೋರ್ಟಿಗೆ ಹೋಗಿ ಕಾಯಬಹುದಿತ್ತಲ್ಲ, ಇಷ್ಟು ಕಷ್ಟ ಏಕೆ ಎಂದು ವಾದಿಸುವವರಿದ್ದಾರೆ. ಕಡತ_ಕೋಣೆ ಸರ್ ಏನಂತಾರೆ?

ಕಡತ_ಕೋಣೆ:
ಎರಡೂ ಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಹೇಳುತ್ತೇನೆ.

ಮೊದಲ ಬೇಡಿಕೆಗಳನ್ನು ನೋಡಿ. ಮರ್ಯಾದೆಯಿಂದ ನಡೆಸಿಕೊಳ್ಳಿ, ಬಂದವರು ಬಂದಂತೆ ಕೂರಲಿ, ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ, ಕಪ್ಪು ಜನರೇ ಹೆಚ್ಚಿರುವ ಮಾರ್ಗಗಳಿಗೆ ಕಪ್ಪು ಡ್ರೈವರ್‌ಗಳನ್ನು ನೇಮಿಸಿ. ಭೇದವನ್ನೇ ತೆಗೆಯಿರಿ ಎಂದು ಕೇಳಿರಲಿಲ್ಲ. ಅದೇ ರಾಜ್ಯದ ಮೊಬೀಲ್ ನಗರದಲ್ಲಿ ಈ ಪದ್ಧತಿ ಆಗಲೇ ಜಾರಿಯಲ್ಲಿತ್ತು. ಅಷ್ಟಕ್ಕೂ ಒಪ್ಪಲಿಲ್ಲ. ಆ ಹಟವೇ ಚಳವಳಿಯನ್ನು ಮೂಲ ಕಾನೂನಿನ ವಿರುದ್ಧ ತಿರುಗಿಸಿತು.

ಪಾರ್ಕ್ಸ್ ಪ್ರಕರಣ ಏಕೆ ಬಳಸಲಿಲ್ಲ? ಅದು ರಾಜ್ಯದ ಕೋರ್ಟಿನ ಕ್ರಿಮಿನಲ್ ಕೇಸು. ಮೇಲ್ಮನವಿ ಅಲಬಾಮಾದ ಕೋರ್ಟುಗಳಲ್ಲೇ ವರ್ಷಗಟ್ಟಲೆ ಕೊಳೆಯಬಹುದು. ಸಂವಿಧಾನದ ಪ್ರಶ್ನೆ ಮುಟ್ಟದೆ ಯಾವುದೋ ಸಣ್ಣ ಲೋಪ ಹಿಡಿದು ಕೇಸು ವಜಾ ಮಾಡಿದರೆ ಪಾರ್ಕ್ಸ್ ಬಿಡುಗಡೆಯಾಗುತ್ತಾರೆ, ಕಾನೂನು ಹಾಗೇ ಉಳಿಯುತ್ತದೆ. ಯುವ ವಕೀಲ ಫ್ರೆಡ್ ಗ್ರೇ ಅದಕ್ಕೇ ಬೇರೆ ದಾರಿ ಹಿಡಿದರು: ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ, ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯ ಆಧಾರದ ಮೇಲೆ ಫೆಡರಲ್ ಕೋರ್ಟಿನಲ್ಲಿ ನೇರ ಸಿವಿಲ್ ದಾವೆ. ರಾಜ್ಯದ ಕಾನೂನನ್ನೇ ಪ್ರಶ್ನಿಸುವುದರಿಂದ ಮೂವರು ನ್ಯಾಯಾಧೀಶರ ಪೀಠ ಕೂರುತ್ತದೆ, ಅಲ್ಲಿಂದ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಪಾರ್ಕ್ಸ್ ಅವರನ್ನು ಸೇರಿಸಿದ್ದರೆ ಕ್ರಿಮಿನಲ್ ಕೇಸಿನಿಂದ ತಪ್ಪಿಸಿಕೊಳ್ಳಲು ಮಾಡಿದ ಉಪಾಯ ಎಂದು ಎದುರಾಳಿಗಳು ಹೇಳಬಹುದಿತ್ತು.

ಬ್ರೌಡರ್ ವಿರುದ್ಧ ಗೇಲ್ ದಾವೆ ಹೂಡಿದ್ದು 1956ರ ಫೆಬ್ರುವರಿ 1ರಂದು. ಹೂಡಿದವರು ಅರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಕ್ಲಾಡೆಟ್ ಕಾಲ್ವಿನ್, ಮೇರಿ ಲೂಯಿಸ್ ಸ್ಮಿತ್. ಐದನೆಯವರು ಜೆನೆಟಾ ರೀಸ್ ಒತ್ತಡಕ್ಕೆ ಸಿಕ್ಕಿ ಹಿಂದೆ ಸರಿದರು. ಅದನ್ನೇ ಹಿಡಿದು, ಒಪ್ಪಿಗೆಯಿಲ್ಲದೆ ಆಕೆಯ ಹೆಸರಲ್ಲಿ ದಾವೆ ಹಾಕಿದರೆಂದು ಗ್ರೇ ಮೇಲೆ ಕೇಸು. ಪಾದ್ರಿಯೂ ಆಗಿದ್ದ ಅವರಿಗಿದ್ದ ಸೇನಾ ವಿನಾಯಿತಿಯನ್ನೂ ಬದಲಿಸಿದರು.

ಆ ಕಡೆ ಇದೇ ಫೆಬ್ರುವರಿಯಲ್ಲಿ 1921ರ ಬಹಿಷ್ಕಾರ ವಿರೋಧಿ ಕಾಯ್ದೆಯಡಿ 89 ಜನರ ಮೇಲೆ ದೋಷಾರೋಪ. ಬಹಳ ಮಂದಿ ಹಿಡಿಯುವುದನ್ನು ಕಾಯದೆ ತಾವೇ ಹೋಗಿ ಹೆಸರು ಕೊಟ್ಟರು, ಬಂಧನದ ಭಯವೇ ಹೋಯಿತು. ವಿಚಾರಣೆಯಾಗಿದ್ದು ಕಿಂಗ್ ಒಬ್ಬರದ್ದೇ: 500 ಡಾಲರ್ ದಂಡ, ಜೊತೆಗೆ 500 ಖರ್ಚು. 'ನ್ಯಾಯಯುತ ಕಾರಣವಿಲ್ಲದೆ' ವ್ಯಾಪಾರ ಕೆಡಿಸುವುದು ಅಪರಾಧ ಎಂದು ಆ ಕಾಯ್ದೆ ಹೇಳುತ್ತಿತ್ತು. ಹಾಗಾಗಿ ಕಾರಣವಿತ್ತೆಂದು ತೋರಿಸಲು ಬಸ್ಸಿನಲ್ಲಿ ಬೈಸಿಕೊಂಡ, ದಬ್ಬಿಸಿಕೊಂಡ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಸಾಕ್ಷಿಗೆ ಕರೆದರು. ಶರಾವತಿ ಮೇಡಂ ಹೇಳಿದ ಗಿಲ್ಮೋರ್ ಸಾಕ್ಷಿ ಅದೇ.

ಈಗ ನಿಮ್ಮ ಪ್ರಶ್ನೆ. ಬಸ್ ಕಂಪನಿ ಮುಕ್ಕಾಲು ಪಾಲು ಗಿರಾಕಿಗಳನ್ನು ಕಳೆದುಕೊಂಡಿತ್ತು. 1956ರ ಜನವರಿಯಲ್ಲೇ ದರ 10ರಿಂದ 15 ಸೆಂಟಿಗೆ ಏರಿಸಿದರೂ ನಷ್ಟ ತುಂಬಲಿಲ್ಲ. ಏಪ್ರಿಲ್ 23ರಂದು ದಕ್ಷಿಣ ಕೆರೊಲಿನಾದ ಬಸ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದದ್ದೇ ತಡ, ಇನ್ನು ನಾವು ಭೇದ ಜಾರಿ ಮಾಡುವುದಿಲ್ಲ ಎಂದು ಕಂಪನಿಯೇ ಘೋಷಿಸಿತು. ಬಹಿಷ್ಕಾರ ಮಾಡಿದ್ದು ಇದನ್ನು. ಆಗ ನಗರಾಡಳಿತ ರಾಜ್ಯದ ಕೋರ್ಟಿಗೆ ಹೋಗಿ, ಭೇದ ಮುಂದುವರಿಸಲೇಬೇಕು ಎಂದು ಕಂಪನಿಯ ಮೇಲೆ ಆದೇಶ ತಂದಿತು! ವ್ಯಾಪಾರಿಯನ್ನು ಮಣಿಸಬಹುದು, ಆದರೆ ವ್ಯಾಪಾರಿಯ ಕೈ ಕಟ್ಟಿದ್ದ ಕಾನೂನನ್ನು ತೆಗೆಯಲು ಫೆಡರಲ್ ಕೋರ್ಟೇ ಬೇಕಾಯಿತು. ಇನ್ನೊಂದು ಕಡೆ, ಬರೀ ದಾವೆ ಹಾಕಿ ಕೂತಿದ್ದರೆ ಆ ನಾಲ್ಕು ಹೆಂಗಸರ ಬೆನ್ನಿಗೆ ಊರೇ ನಿಂತಿರುತ್ತಿರಲಿಲ್ಲ. ಐದು ಜನರಲ್ಲಿ ಒಬ್ಬರನ್ನು ಹೆದರಿಸಿದವರು ಉಳಿದವರನ್ನೂ ಹೆದರಿಸುತ್ತಿದ್ದರು.

ಜೂನ್ 5ರಂದು 2-1 ಬಹುಮತದ ತೀರ್ಪು. ರೈವ್ಸ್ ಮತ್ತು ಫ್ರಾಂಕ್ ಜಾನ್ಸನ್ ಒಂದು ಕಡೆ, ಲಿನ್ ಭಿನ್ನಮತ. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ವಾದವನ್ನೂ ಕೇಳದೆ ಎತ್ತಿಹಿಡಿಯಿತು.

ತುಂಗಾತೀರ:
ಆ ನವೆಂಬರ್ 13ರ ಬೆಳಿಗ್ಗೆ ಕಿಂಗ್ ಎಲ್ಲಿದ್ದರು ಗೊತ್ತೇ? ಮಾಂಟ್ಗೊಮರಿಯ ಇನ್ನೊಂದು ಕೋರ್ಟಿನಲ್ಲಿ, ಆರೋಪಿಯ ಜಾಗದಲ್ಲಿ. ಕಾರು ವ್ಯವಸ್ಥೆಯೇ ಸಾರ್ವಜನಿಕ ಉಪದ್ರವ, ಪರವಾನಗಿಯಿಲ್ಲದ ಖಾಸಗಿ ಉದ್ಯಮ, ಅದನ್ನು ನಿಲ್ಲಿಸಿ ಎಂದು ನಗರ ಕೇಳಿತ್ತು. ಬಸ್ ಕಂಪನಿಯ ವರಮಾನದಲ್ಲಿ ನಗರಕ್ಕೆ ಶೇ. 2 ಬರಬೇಕಿತ್ತು, ಹಾಗಾಗಿ 15,000 ಡಾಲರ್ ನಷ್ಟವಾಗಿದೆ ಎಂಬ ವಾದ ಬೇರೆ. ಚುಕ್ಕಿ ಅವರು ಹೇಳಿದ ಲೈಸೆನ್ಸಿನ ಭಯ ನಿಜವಾಯಿತು. ವಿರಾಮದಲ್ಲಿ ಪತ್ರಕರ್ತನೊಬ್ಬ ಬಂದು ಒಂದು ಚೀಟಿ ಕೊಟ್ಟ: ಸುಪ್ರೀಂ ಕೋರ್ಟ್ ತೀರ್ಪಿನ ಸುದ್ದಿ. ಅದೇ ದಿನ ನ್ಯಾಯಾಧೀಶ ಕಾರ್ಟರ್ ಕಾರುಗಳನ್ನು ನಿಲ್ಲಿಸಲು ತಡೆಯಾಜ್ಞೆಯನ್ನೂ ಕೊಟ್ಟ.

ಗೆದ್ದದ್ದು ಗೊತ್ತು, ಆದರೆ ಆದೇಶದ ಕಾಗದ ಊರಿಗೆ ಬಂದಿಲ್ಲ. ನಗರದ ಮರುಪರಿಶೀಲನೆ ಅರ್ಜಿ ಡಿಸೆಂಬರ್ 17ರಂದು ತಿರಸ್ಕೃತವಾಗಿ, ಕಾಗದ ಕೈಗೆ ಬಂದದ್ದು ಡಿಸೆಂಬರ್ 20ರಂದು. ನಡುವಿನ ಐದು ವಾರ ಬಸ್ಸೂ ಇಲ್ಲ, ಕಾರೂ ಇಲ್ಲ. ಅಕ್ಕಪಕ್ಕದವರು ತಮ್ಮ ತಮ್ಮಲ್ಲೇ ಹೊಂದಿಸಿಕೊಂಡರು, ಉಳಿದವರು ನಡೆದರು. ಇಡೀ ಚಳವಳಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಐದು ವಾರ. ಗೆದ್ದ ಸುದ್ದಿ ಕೇಳಿದ ಮೇಲೆ ಸಂಯಮ ಕಾಯ್ದುಕೊಳ್ಳುವುದು ಸೋಲಿನಲ್ಲಿ ಕಾಯ್ದುಕೊಳ್ಳುವುದಕ್ಕಿಂತ ಕಷ್ಟ.

ಶರಾವತಿ_ಎಂ:
ಆ ವಾರಗಳಲ್ಲಿ ತಾಲೀಮು ನಡೆಯಿತು. ಚರ್ಚಿನಲ್ಲಿ ಬಸ್ಸಿನಂತೆ ಕುರ್ಚಿ ಜೋಡಿಸಿ, ನಡುವೆ ಓಡಾಡುವ ಜಾಗ ಬಿಟ್ಟು, ಒಬ್ಬರನ್ನು ಡ್ರೈವರ್ ಮಾಡಿ, ಕೆಲವರಿಗೆ ಸಿಡುಕುವ ಬಿಳಿಯರ ಪಾತ್ರ ಕೊಟ್ಟು ಅಭ್ಯಾಸ ಮಾಡಿಸಿದರು. ಡಿಸೆಂಬರ್ 19ರ ಸೂಚನಾಪತ್ರದ ಸಾರ ಹೀಗಿದೆ: ಮೊದಲ ಕೆಲವು ದಿನ ಜೊತೆಗೊಬ್ಬರನ್ನು ಕರೆದುಕೊಂಡು ಹತ್ತಿ. ಬೇರೆ ಸೀಟಿದ್ದರೆ ಬೇಕೆಂದೇ ಬಿಳಿಯರ ಪಕ್ಕ ಕೂರಬೇಡಿ. ಕೂರುವಾಗ ಒಂದು ಮಾತು ಕೇಳಿ ಕೂರಿ. ಬೈದರೆ ತಿರುಗಿ ಬೈಯಬೇಡಿ, ತಳ್ಳಿದರೆ ತಿರುಗಿ ತಳ್ಳಬೇಡಿ.

ಡಿಸೆಂಬರ್ 21ರ ಬೆಳಿಗ್ಗೆ ಹೆಚ್ಚು ಗಲಾಟೆಯಾಗಲಿಲ್ಲ. ಒಂದು ವಾರದಲ್ಲೇ ಬಸ್ಸುಗಳ ಮೇಲೆ ಗುಂಡು ಹಾರತೊಡಗಿತು. 28ರಂದು ರೋಸಾ ಜೋರ್ಡನ್ ಎಂಬ ಗರ್ಭಿಣಿಯ ಎರಡೂ ಕಾಲಿಗೆ ಗುಂಡು ತಗುಲಿತು. 1957ರ ಜನವರಿ 10ರಂದು ನಾಲ್ಕು ಚರ್ಚು, ಇಬ್ಬರು ಪಾದ್ರಿಗಳ ಮನೆಗಳಿಗೆ ಬಾಂಬ್.

ಗಡಿನಾಡಿಗ:
ನನ್ನದೊಂದು ಸಂದೇಹ. 1956ರಲ್ಲೇ ಗೆದ್ದಿದ್ದರೆ 1961ರ ಮೇ 20ರಂದು ಇದೇ ಮಾಂಟ್ಗೊಮರಿಯ ಬಸ್ ನಿಲ್ದಾಣದಲ್ಲಿ, ಭೇದದ ವಿರುದ್ಧ ಬಿಳಿಯರೂ ಕಪ್ಪು ಜನರೂ ಒಟ್ಟಾಗಿ ಅಂತರರಾಜ್ಯ ಬಸ್ಸಿನಲ್ಲಿ ಹೊರಟಿದ್ದ ಫ್ರೀಡಂ ರೈಡರ್‌ಗಳನ್ನು ಹಾಗೆ ಬಡಿದದ್ದೇಕೆ?

ಕಡತ_ಕೋಣೆ:
ಬ್ರೌಡರ್ ತೀರ್ಪು ಊರೊಳಗಿನ ಬಸ್ಸಿನದ್ದು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸಿನಲ್ಲಿ ಭೇದ ತಪ್ಪೆಂದು 1946ರ ಮಾರ್ಗನ್ ಪ್ರಕರಣದಲ್ಲೇ ಆಗಿತ್ತು. ಅಂಥ ಪ್ರಯಾಣಿಕರ ಮಟ್ಟಿಗೆ ನಿಲ್ದಾಣದ ಹೋಟೆಲು, ವಿಶ್ರಾಂತಿ ಕೊಠಡಿಗಳಲ್ಲೂ ತಪ್ಪೆಂದು 1960ರ ಬಾಯ್ನ್ಟನ್ ಪ್ರಕರಣ ಹೇಳಿತು. ತೀರ್ಪುಗಳಿದ್ದವು, ಜಾರಿ ಮಾಡುವವರಿರಲಿಲ್ಲ. ರೈಡರ್‌ಗಳು ಏಟು ತಿಂದ ಮೇಲೆ ಅಂತರರಾಜ್ಯ ವಾಣಿಜ್ಯ ಆಯೋಗ ನಿಯಮ ಹೊರಡಿಸಿ, 1961ರ ನವೆಂಬರ್ 1ರಿಂದ ಜಾರಿಗೆ ತಂದಿತು. ಫಲಕಗಳನ್ನು ಕಳಚಿದ್ದು ಆಗ.

ಅಟ್ಲಾಂಟಾ_ಕನ್ನಡಿಗ:
ಭಾರತದ ನಂಟು ಎಂದರೆ ಎಲ್ಲರೂ ಗಾಂಧಿ ಹೆಸರು ಹೇಳಿ ನಿಲ್ಲಿಸುತ್ತಾರೆ. ಅದು ನಿಜವೇ. ಅದರ ಜೊತೆಗೆ ಜೇಮ್ಸ್ ಲಾಸನ್ ಅವರನ್ನೂ ನೆನೆಯಬೇಕು. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದಾಗಲೇ ಪತ್ರಿಕೆಯಲ್ಲಿ ಮಾಂಟ್ಗೊಮರಿಯ ಸುದ್ದಿ ಓದಿದವರು. ಅಮೆರಿಕಕ್ಕೆ ಮರಳಿದ ಮೇಲೆ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳಿಗೆ ಅಹಿಂಸೆಯ ತರಬೇತಿ ಕೊಟ್ಟರು. 1960ರ ಹೋಟೆಲ್ ಧರಣಿಗಳಿಗೆ ಅಲ್ಲಿ ತಯಾರಾಗಿ ನಿಂತವರು ಅವರೇ.

ಇನ್ನೊಂದು ನಂಟು ನಮ್ಮಂಥವರದ್ದು. 1946ರ ಕಾನೂನಿನಂತೆ ಇಡೀ ಭಾರತಕ್ಕೆ ವಲಸೆ ಕೋಟಾ ವರ್ಷಕ್ಕೆ 100. ರಾಷ್ಟ್ರಮೂಲದ ಈ ಕೋಟಾ ಪದ್ಧತಿ ತೆಗೆದದ್ದು 1965ರ ಕಾಯ್ದೆ. ನಾಗರಿಕ ಹಕ್ಕುಗಳ ಹೋರಾಟದ ಒತ್ತಡದಲ್ಲೇ, ಮತದಾನ ಹಕ್ಕಿನ ಕಾಯ್ದೆ ಬಂದ ವರ್ಷವೇ ಅದು ಬಂತು. ಇಲ್ಲಿನ ಕನ್ನಡ ಕೂಟಗಳ ಕಾರ್ಯಕ್ರಮಗಳಲ್ಲಿ ಈ ಮಾತು ಇನ್ನೂ ಗಟ್ಟಿಯಾಗಿ ಬರಬೇಕು.

ಗಡಿನಾಡಿಗ:
ಕೊನೆಯದಾಗಿ ಇನ್ನೊಂದು. ಕ್ಲಾಡೆಟ್ ಕಾಲ್ವಿನ್ ಪಾರ್ಕ್ಸ್‌ಗಿಂತ ಮೊದಲೇ ಬಂಧನಕ್ಕೊಳಗಾದವಳು. ಗರ್ಭಿಣಿಯಾದಳೆಂದು ಮುಂದಾಳುಗಳು ಅವಳನ್ನು ಕೈಬಿಟ್ಟರು ಎಂದು ಎಲ್ಲ ಕಡೆ ಬರೆಯುತ್ತಾರೆ. ಅಷ್ಟೇನಾ?

ಕಡತ_ಕೋಣೆ:
ವಯಸ್ಸು, ಬಡ ಮನೆತನ, ಇವೂ ಮುಂದಾಳುಗಳ ಲೆಕ್ಕದಲ್ಲಿದ್ದವು; ಅದನ್ನು ಸಮರ್ಥಿಸಲು ಹೋಗುವುದಿಲ್ಲ. ಕಾನೂನಿನ ಕಾರಣವೂ ಒಂದಿತ್ತು. 1955ರ ಮಾರ್ಚ್ 2ರಂದು 15 ವರ್ಷದ ಕಾಲ್ವಿನ್ ಮೇಲೆ ಮೂರು ಆರೋಪ ಹೊರಿಸಿದ್ದರು: ಭೇದದ ಕಾನೂನು ಮುರಿದದ್ದು, ಶಾಂತಿಭಂಗ, ಪೊಲೀಸರ ಮೇಲೆ ಹಲ್ಲೆ. ಮೇಲ್ಮನವಿಯಲ್ಲಿ ಮೊದಲ ಎರಡನ್ನು ಕೈಬಿಟ್ಟು ಹಲ್ಲೆಯೊಂದನ್ನೇ ಉಳಿಸಿದರು. ಭೇದದ ಕಾನೂನಿನ ಆರೋಪವೇ ಹೋದಮೇಲೆ ಆ ಕೇಸಿನಲ್ಲಿ ಅದನ್ನು ಪ್ರಶ್ನಿಸಲು ದಾರಿಯೇ ಉಳಿಯಲಿಲ್ಲ. ಸಿವಿಲ್ ದಾವೆಗೆ ಆ ಅಡ್ಡಿ ಇರಲಿಲ್ಲವಾದ್ದರಿಂದ ಫ್ರೆಡ್ ಗ್ರೇ ಅವಳನ್ನು ಬ್ರೌಡರ್ ಪ್ರಕರಣಕ್ಕೆ ಸೇರಿಸಿಕೊಂಡರು, ಅವಳೂ ಕೋರ್ಟಿಗೆ ಬಂದು ಧೈರ್ಯವಾಗಿ ಸಾಕ್ಷಿ ಹೇಳಿದಳು. ಹಲ್ಲೆಯ ತೀರ್ಪು ಮಾತ್ರ ಬಾಲಾಪರಾಧಿ ದಾಖಲೆಯಲ್ಲಿ ಹಾಗೇ ಇತ್ತು. ಅದನ್ನು ಅಳಿಸಲು ಮಾಂಟ್ಗೊಮರಿಯ ನ್ಯಾಯಾಧೀಶರು ಆದೇಶ ಕೊಟ್ಟದ್ದು 2021ರಲ್ಲಿ, ಆಕೆಗೆ 82 ವರ್ಷವಾದಾಗ.